ಅಕ್ಕ ಆ ಕಾಗದಕ್ಕೆ ಸಹಿ ಹಾಕುವುದು ಬೇಡ

ನ್ಯೂಯಾರ್ಕ್
ಏಪ್ರಿಲ್ 26

ತೀರ್ಥರೂಪು ಅಪ್ಪನವರಿಗೆ ಚಿನ್ನಿ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ, ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುವುದು. ಅಮ್ಮನ ಮಂಡಿನೋವು, ಅಜ್ಜಿಯ ಕಣ್ಣು, ಗೌರಿಯ ಕರು, ಇವೆಲ್ಲದರ ಬಗ್ಗೆ ಕೊನೆಯಲ್ಲಿ ಕೇಳುತ್ತೇನೆ. ಮೊದಲು ಅಕ್ಕನ ವಿಷಯ.

ನಿಮ್ಮ ಕಾಗದದ ಫೋಟೋ ಗುರುವಾರ ರಾತ್ರಿ ಸಿಕ್ಕಿತು. ಭಾವನ ವರ್ಷದ ತಿಥಿಗೆ ಮುಂಚೆ ಅಕ್ಕನ ಕೈಲಿ ಸುಮ್ಮನೆ ಒಂದು ಸಹಿ ಹಾಕಿಸಿಬಿಡೋಣ, ತೋಟದ ಖಾತೆ ಮಾಡಿಸೋಕೆ ಬೇಕು ಅಂತ ಭಾವನ ಅಣ್ಣ, ದೊಡ್ಡ ಭಾವ ಬಂದು ಹೇಳಿದರು, ಕಾಗದದ ಮೇಲೆ ‘ಹಕ್ಕು ಖುಲಾಸೆ ಪತ್ರ’ ಅಂತಿದೆ ಅಂತ ಬರೆದಿದ್ದೀರಿ. ಸಹಿ ಹಾಕಿದರೆ ಸಂಬಂಧ ಉಳಿಯುತ್ತದೆ, ಅಕ್ಕನ ಮಗಳು ಪುಟ್ಟಿಯ ಓದು ಅವರೇ ನೋಡಿಕೊಳ್ಳುತ್ತಾರಂತೆ, ಹಾಕದಿದ್ದರೆ ಲಾಯರಿಗೆ ಕೊಡೋಕೆ ನಮ್ಮ ಹತ್ತಿರ ದುಡ್ಡೆಲ್ಲಿದೆ ಅಂತಲೂ ಬರೆದಿದ್ದೀರಿ. ಅದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳೋಣ ಅಂದರೆ ಅಕ್ಕನ ಅತ್ತೆ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಇದನ್ನು ಪ್ರಿಂಟ್ ಹಾಕಿಸಿ, ಅಕ್ಕನನ್ನು ಒಂದು ದಿನ ಮನೆಗೆ ಕರೆಸಿಕೊಂಡು, ಕೂರಿಸಿ ಓದಿ ಹೇಳಿ.

ಹಕ್ಕು ಖುಲಾಸೆ ಅಂದರೆ ಖಾತೆ ಬದಲಾವಣೆ ಅಲ್ಲ ಅಪ್ಪ. ತನ್ನ ಪಾಲು ತನಗೆ ಬೇಡ ಅಂತ ಬರೆದುಕೊಡುವುದು. ಭಾವ ತೀರಿಕೊಂಡ ಮೇಲೆ ತೋಟವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು ಪೌತಿ ಖಾತೆ. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಆಯಿತು. ಅಕ್ಕ ಪಾಲು ಬಿಟ್ಟುಕೊಟ್ಟರೇ ಖಾತೆ ಆಗುವುದು ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ಖುಲಾಸೆ ಪತ್ರ ಒಮ್ಮೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿಬಿಟ್ಟರೆ ಅದನ್ನು ರದ್ದು ಮಾಡಿಸಲು ಸಿವಿಲ್ ಕೋರ್ಟಿಗೇ ಹೋಗಬೇಕು, ಮೋಸ ಆಯಿತು ಅಂತ ಅಕ್ಕನೇ ಸಾಬೀತು ಮಾಡಬೇಕು. ಈಗ ಬೇಡ ಅನ್ನುವುದು ಸುಲಭ, ಆಮೇಲೆ ಅಳಿಸುವುದು ಕಷ್ಟ.

ನಿಮ್ಮ ಕಾಗದ ಬಂದ ದಿನವೇ ಮಧ್ಯಾಹ್ನ ನಮ್ಮ ಲಾ ಸ್ಕೂಲಿನಲ್ಲಿ ಒಂದು ಸನ್ಮಾನ ಇತ್ತು. ಅದನ್ನೂ ಹೇಳಬೇಕು, ಯಾಕೆಂದರೆ ‘ಅಷ್ಟು ಸಾಲ ಮಾಡಿ ಹೋಗಿ ಅಲ್ಲಿ ಸಂಬಳವಿಲ್ಲದ ಕೆಲಸ ಯಾಕೆ ಮಾಡ್ತೀಯ’ ಅಂತ ಹೋದ ತಿಂಗಳು ಕೇಳಿದ್ದಿರಿ. ನ್ಯೂಯಾರ್ಕಿನಲ್ಲಿ ವಕೀಲಳಾಗಲು ಪರೀಕ್ಷೆ ಪಾಸಾದರೆ ಸಾಲದು. ದುಡ್ಡಿಲ್ಲದವರ ಪರವಾಗಿ 50 ಗಂಟೆ ಉಚಿತವಾಗಿ ಕಾನೂನಿನ ಕೆಲಸ ಮಾಡಿ, ಅದನ್ನು ನೋಡಿಕೊಂಡ ವಕೀಲರ ಸಹಿ ತಂದು ಕೊಡಬೇಕು. ರಾಜ್ಯದ ಆಗಿನ ಮುಖ್ಯ ನ್ಯಾಯಾಧೀಶ ಜೊನಾಥನ್ ಲಿಪ್‌ಮನ್ 2012ರ ಮೇ 1ರಂದು ಘೋಷಿಸಿದ ನಿಯಮ ಇದು, 2015ರ ಜನವರಿಯಿಂದ ಜಾರಿಯಲ್ಲಿದೆ. ಹೊರದೇಶದಿಂದ ನನ್ನ ಹಾಗೆ ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ, ಓದಲು ಬಂದವರಿಗೂ ಅನ್ವಯಿಸುತ್ತದೆ. (ಮೇ 1 ನಮಗೆ ಕಾರ್ಮಿಕರ ದಿನ. ಇಲ್ಲಿನವರಿಗೆ 1958ರಿಂದ ಅದು ಕಾನೂನಿನ ದಿನ!) ಹಾಗಾಗಿ ನಾನು ಮಾಡುತ್ತಿರುವುದು ಬಿಟ್ಟಿ ಚಾಕರಿ ಅಲ್ಲ, ವಕೀಲಿಕೆಯ ಸನ್ನದು ಸಿಗಲು ಏರಬೇಕಾದ ಮೆಟ್ಟಿಲು.

ಏಪ್ರಿಲ್‌ನಲ್ಲಿ ಇಲ್ಲಿ ಸ್ವಯಂಸೇವಕರ ಸಪ್ತಾಹ ಅಂತ ದೇಶವೆಲ್ಲ ಆಚರಿಸುತ್ತಾರೆ, 1974ರಿಂದ ನಡೆದುಬಂದಿದೆ. ಆ ವಾರದಲ್ಲಿ ನಮ್ಮ ಲಾ ಸ್ಕೂಲು ತನ್ನ ಪ್ರೊಫೆಸರುಗಳನ್ನೂ ಕಚೇರಿ ಸಿಬ್ಬಂದಿಯನ್ನೂ ಒಂದೇ ವೇದಿಕೆಗೆ ಕರೆದು ಗೌರವಿಸುತ್ತದೆ. ಪಾಠ ಚೆನ್ನಾಗಿ ಮಾಡಿದ್ದಕ್ಕಲ್ಲ, ಪುಸ್ತಕ ಬರೆದಿದ್ದಕ್ಕೂ ಅಲ್ಲ. ಕೆಲಸ ಮುಗಿದ ಮೇಲೆ ಊರಿಗಾಗಿ ಏನು ಮಾಡುತ್ತೀರಿ ಅನ್ನುವುದಕ್ಕೆ. ಹಾರ ಇಲ್ಲ, ಶಾಲು ಇಲ್ಲ, ಫಲತಾಂಬೂಲ ಇಲ್ಲ, ಮುಖ್ಯ ಅತಿಥಿಗಳ ಒಂದು ಗಂಟೆ ಭಾಷಣವೂ ಇಲ್ಲ. ಹೆಸರು ಕೆತ್ತಿದ ಒಂದು ಗಾಜಿನ ಫಲಕ, ಒಂದು ದೊಡ್ಡ ಚೌಕದ ಕೇಕು, ಅಷ್ಟೇ. ಕೇಕಿಗೆ ಡೀನ್ ಕೂಡ ಎಲ್ಲರ ಹಿಂದೆ ಸಾಲಿನಲ್ಲಿ ನಿಂತರು. ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಮಡಚಿಟ್ಟವರೂ ಅವರೇ. ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಕುರ್ಚಿ ಎತ್ತುವುದನ್ನು ಅಮ್ಮ ಊಹಿಸಿಕೊಳ್ಳಲಿ.

ಮೊದಲು ಕರೆದದ್ದು ಕಟ್ಟಡ ಸ್ವಚ್ಛ ಮಾಡುವ ಹಿರಿಯರೊಬ್ಬರನ್ನು. ತಮ್ಮ ಚರ್ಚಿನಲ್ಲಿ ಶನಿವಾರ ಶನಿವಾರ ಹಸಿದವರಿಗೆ ದಿನಸಿ ಹಂಚುವುದನ್ನು ಎಷ್ಟೋ ವರ್ಷಗಳಿಂದ ನಡೆಸುತ್ತಿದ್ದಾರೆ. ಪ್ರೊಫೆಸರುಗಳೆಲ್ಲ ಎದ್ದುನಿಂತು ಚಪ್ಪಾಳೆ ಹೊಡೆದರು. ನನ್ನ ದಾಖಲಾತಿ ಕಾಗದಗಳನ್ನು ನೋಡಿಕೊಂಡ ಕಚೇರಿಯ ಹೆಂಗಸು ಕ್ವೀನ್ಸಿನಲ್ಲಿ ವಲಸೆ ಬಂದವರಿಗೆ ಪೌರತ್ವದ ಪರೀಕ್ಷೆಗೆ ಪಾಠ ಹೇಳಿಕೊಡುತ್ತಾರಂತೆ. ನನಗೆ ಗೊತ್ತೇ ಇರಲಿಲ್ಲ. ತೆರಿಗೆ ಪಾಠ ಮಾಡುವ ಮೇಷ್ಟ್ರು ಜನವರಿಯಿಂದ ಏಪ್ರಿಲ್ 15ರ ಗಡುವಿನವರೆಗೆ ಸಂಜೆ ಹೊತ್ತು ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಕಡಿಮೆ ಆದಾಯದವರ ತೆರಿಗೆ ಅರ್ಜಿ ತುಂಬಿಕೊಡುತ್ತಾರೆ. ತೆರಿಗೆ ಇಲಾಖೆಯೇ ಸ್ವಯಂಸೇವಕರಿಗೆ ತರಬೇತಿ ಕೊಟ್ಟು ಇದನ್ನು ನಡೆಸುತ್ತದೆ. ಇಲ್ಲಿ ದುಡಿಯುವ ಬಡವರಿಗೆ ಸರ್ಕಾರ ಒಂದಿಷ್ಟು ಹಣ ವಾಪಸ್ ಕೊಡುವ ಪದ್ಧತಿ 1975ರಿಂದ ಇದೆ. ಅರ್ಜಿ ಹಾಕದಿದ್ದರೆ ಅದು ಸಿಗುವುದಿಲ್ಲ. ಮಗುವಿರುವ ಮನೆಗೆ ಅದು ಸಣ್ಣ ಮೊತ್ತವಲ್ಲ.

ಕೊನೆಯದು ನಮ್ಮ ಲಾ ಸ್ಕೂಲಿನ ಕ್ಲಿನಿಕ್ಕಿನ, ಅಂದರೆ ಬಡವರಿಗೆ ಉಚಿತ ಕಾನೂನು ನೆರವು ಕೊಡುವ ವಿಭಾಗದ, ಮೇಡಂ. ನಾನು ಕೆಲಸ ಮಾಡುವುದು ಇವರ ಕೈಕೆಳಗೆ, ಬ್ರಾಂಕ್ಸಿನ ಬಾಡಿಗೆ ಕೋರ್ಟಿನಲ್ಲಿ. ಅಪ್ಪ, ಅವರು ಅವತ್ತು ಹೇಳಿದ ಮಾತು ಕೇಳಿ. ಹಿಂದೆಲ್ಲ ಮನೆ ಬಿಡಿಸುವ ಕೇಸುಗಳಲ್ಲಿ ಮಾಲೀಕನ ಕಡೆ ವಕೀಲ ಇರುತ್ತಿದ್ದ, ಬಾಡಿಗೆಯವರ ಕಡೆ ಯಾರೂ ಇರುತ್ತಿರಲಿಲ್ಲ. ಜಡ್ಜ್ ಮುಂದೆ ಹೋಗುವ ಮೊದಲೇ, ಹೊರಗೆ ಪಡಸಾಲೆಯಲ್ಲಿ, ಆ ವಕೀಲ ಒಂದು ಕಾಗದ ಹಿಡಿದು ಬರುತ್ತಿದ್ದ. ಸುಮ್ಮನೆ ಒಂದು ಸಹಿ, ನಿಮಗೇ ಒಳ್ಳೆಯದು ಅನ್ನುತ್ತಿದ್ದ. ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡ ತಾಯಿ, ಕೆಲಸಕ್ಕೆ ಹೊತ್ತಾಯಿತು ಅಂತ ಸಹಿ ಹಾಕಿಬಿಡುತ್ತಿದ್ದಳು. ಮನೆ ಹೋದದ್ದು ಆಮೇಲೆ ಗೊತ್ತಾಗುತ್ತಿತ್ತು. ಮೇಡಂ ಆ ಪಡಸಾಲೆಯಲ್ಲಿ ವರ್ಷಗಟ್ಟಲೆ ನಿಂತು, ಸಹಿ ಹಾಕುವ ಮುಂಚೆ ನನಗೆ ಒಂದು ಸಲ ತೋರಿಸಿ ಅಂತ ಕೇಳುತ್ತಾ ಬಂದವರು. 2017ರಲ್ಲಿ ನ್ಯೂಯಾರ್ಕ್ ನಗರ ಕಡಿಮೆ ಆದಾಯದ ಬಾಡಿಗೆದಾರರಿಗೆ ಇಂಥ ಕೇಸಿನಲ್ಲಿ ವಕೀಲರನ್ನು ಕೊಡುವ ಕಾನೂನು ಮಾಡಿತು, ಅಮೆರಿಕದಲ್ಲೇ ಮೊದಲ ನಗರ. ಆದರೂ ಜನ ಹೆಚ್ಚು, ವಕೀಲರು ಕಡಿಮೆ. ಅದಕ್ಕೇ ಇಂಥವರು ಇನ್ನೂ ಬೇಕು.

ರಾತ್ರಿ ನಿಮ್ಮ ಕಾಗದದಲ್ಲಿ ‘ಸುಮ್ಮನೆ ಒಂದು ಸಹಿ’ ಅಂತ ಓದಿದಾಗ ನನಗೆ ಹೇಗಾಗಿರಬೇಡ.

ಒಂದು ವಿಷಯದಲ್ಲಿ ನಮ್ಮ ದೇಶದ ಬಗ್ಗೆ ನನಗೆ ನಿಜಕ್ಕೂ ಹೆಮ್ಮೆ. ಇದನ್ನು ಇಲ್ಲಿ ಕ್ಲಾಸಿನಲ್ಲೂ ಎದ್ದುನಿಂತು ಹೇಳಿದ್ದೇನೆ. ಅಮೆರಿಕದಲ್ಲಿ ಜೈಲಿಗೆ ಹಾಕುವಂಥ ಕ್ರಿಮಿನಲ್ ಕೇಸಾದರೆ ಬಡವನಿಗೆ ಸರ್ಕಾರ ವಕೀಲನನ್ನು ಕೊಡಲೇಬೇಕು, ಇಲ್ಲಿನ ಸುಪ್ರೀಂ ಕೋರ್ಟಿನ 1963ರ ಗಿಡಿಯನ್ ತೀರ್ಪಿನಿಂದ ಬಂದದ್ದು. ಆದರೆ ಜಮೀನು, ಮನೆ, ಆಸ್ತಿ ಅಂದರೆ ಸಾಮಾನ್ಯವಾಗಿ ಅಂಥ ಹಕ್ಕಿಲ್ಲ. ಯಾರಾದರೂ ಪುಣ್ಯಾತ್ಮರು ಬಿಡುವು ಮಾಡಿಕೊಂಡು ಬಂದರೆ ಉಂಟು. ನಮ್ಮಲ್ಲಿ 1976ರಲ್ಲೇ ಸಂವಿಧಾನಕ್ಕೆ 39ಎ ವಿಧಿ ಸೇರಿಸಿ ಉಚಿತ ಕಾನೂನು ನೆರವು ಸರ್ಕಾರದ ಹೊಣೆ ಅಂದರು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಯಾರು ಯಾರಿಗೆ ಅಂತ ಪಟ್ಟಿ ಇದೆ. ಅದರಲ್ಲಿ ಹೆಂಗಸರು, ಮಕ್ಕಳು ಅಂತ ನೇರವಾಗಿ ಬರೆದಿದೆ. ಅವರ ಆದಾಯ ಎಷ್ಟು ಅಂತ ಕೇಳುವಂತಿಲ್ಲ, ಸಿವಿಲ್ ಕೇಸಿಗೂ ಸಿಗುತ್ತದೆ. ಅಕ್ಕ ಹೆಂಗಸು, ಪುಟ್ಟಿ ಮಗು, ಇಬ್ಬರಿಗೂ ಹಕ್ಕಿದೆ. ವಕೀಲರ ಫೀಸು, ಕೋರ್ಟ್ ಶುಲ್ಕ ಎಲ್ಲ ಆ ಪ್ರಾಧಿಕಾರದ್ದೇ. ಲಾಯರಿಗೆ ದುಡ್ಡೆಲ್ಲಿದೆ ಅನ್ನುವ ಚಿಂತೆಯನ್ನು ಇವತ್ತೇ ಬಿಟ್ಟುಬಿಡಿ.

ತಿಪಟೂರಿನ ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಅಲ್ಲಿನ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಅಕ್ಕ ಒಂದು ಬಿಳಿ ಹಾಳೆಯಲ್ಲಿ ನಡೆದದ್ದನ್ನು ಬರೆದುಕೊಟ್ಟರೆ ಸಾಕು. ಹೋಗುವ ಮುಂಚೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ತೋಟದ ಪಹಣಿ, ಭಾವನ ಮರಣ ಪ್ರಮಾಣಪತ್ರ, ಅಕ್ಕನ ಆಧಾರ್ ಕಾರ್ಡು, ಪುಟ್ಟಿಯ ಜನನ ಪ್ರಮಾಣಪತ್ರ ತೆಗೆದುಕೊಂಡು ಹೋಗಿ. ಮುಖ್ಯವಾಗಿ ವಂಶವೃಕ್ಷದಲ್ಲಿ ಅಕ್ಕನ ಹೆಸರು, ಪುಟ್ಟಿಯ ಹೆಸರು ಎರಡೂ ಇವೆಯೇ ಅಂತ ಕಣ್ಣಾರೆ ನೋಡಿ. ದೊಡ್ಡ ಭಾವ ಆಗಲೇ ಬೇರೆ ಅರ್ಜಿ ಹಾಕಿದ್ದರೆ ಖಾತೆ ಬದಲಾವಣೆಯ ನೋಟಿಸಿನ ಗಡುವಿನೊಳಗೆ ತಕರಾರು ಕೊಡಬೇಕು. ಅದನ್ನೂ ಸಮಿತಿಯ ವಕೀಲರೇ ಬರೆದುಕೊಡುತ್ತಾರೆ.

ಅಣ್ಣತಮ್ಮಂದಿರ ಭಾಗ ಆಗಿ ಆ ತೋಟ ಭಾವನ ಹೆಸರಿಗೆ ಬಂದಿದೆ. ಭಾವ ವಿಲ್ ಬರೆದಿಲ್ಲ. ಹಾಗಿದ್ದಾಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಮೊದಲ ದರ್ಜೆಯ ವಾರಸುದಾರರು ಹೆಂಡತಿ, ಮಗಳು, ತಾಯಿ. ಅಣ್ಣ ಎರಡನೇ ದರ್ಜೆಯವರು. ಮೊದಲ ದರ್ಜೆಯವರು ಇರುವಾಗ ಅಣ್ಣನಿಗೆ ಬರುವುದಿಲ್ಲ. ಅಕ್ಕನ ಅತ್ತೆಗೂ ಪಾಲಿದೆ, ಅದನ್ನು ಯಾರೂ ಅಲ್ಲ ಅನ್ನಬಾರದು. ಆ ವಯಸ್ಸಿನಲ್ಲಿ ಮಗನನ್ನು ಕಳೆದುಕೊಂಡವರು. ಪುಟ್ಟಿಯ ಪಾಲನ್ನಂತೂ ಕೋರ್ಟಿನ ಅನುಮತಿ ಇಲ್ಲದೆ ಅಕ್ಕನೂ ಬರೆದುಕೊಡುವಂತಿಲ್ಲ. ಇನ್ನೊಂದು ಮಾತು, ಅಮ್ಮನಿಗೆ ಮೆಲ್ಲಗೆ ಹೇಳಿ. ಅಕ್ಕನಿಗೆ ಇನ್ನೂ ಚಿಕ್ಕ ವಯಸ್ಸು. ಮುಂದೆ ಅವಳು ಮತ್ತೆ ಮದುವೆ ಆಗುವ ಮನಸ್ಸು ಮಾಡಿದರೂ ಈಗ ಬಂದ ಪಾಲು ಹೋಗುವುದಿಲ್ಲ. ಈ ಭಯ ಹಾಕಿಯೇ ಎಷ್ಟೋ ಹೆಣ್ಣುಮಕ್ಕಳ ಕೈಲಿ ಸಹಿ ಹಾಕಿಸುತ್ತಾರೆ.

ಕೋರ್ಟು ಕಚೇರಿ ಅಂದರೆ ನಿಮಗೆ ಮರ್ಯಾದೆಯ ಪ್ರಶ್ನೆ ಅಂತ ಗೊತ್ತು ಅಪ್ಪ. ಕೇಸು ಹಾಕಲೇಬೇಕು ಅಂತಿಲ್ಲ. ಸಮಿತಿಯವರು ಎರಡೂ ಕಡೆಯವರನ್ನು ಕರೆಸಿ ಕೂರಿಸಿ ಮಾತಾಡಿಸುತ್ತಾರೆ. ಇಬ್ಬರೂ ಒಪ್ಪಿದರೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸುತ್ತಾರೆ. ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿಯ ರಗಳೆ ಇಲ್ಲ. ದೊಡ್ಡ ಭಾವ ತೋಟ ನೋಡಿಕೊಳ್ಳಲಿ, ಕೊಬ್ಬರಿ ಮಾರಿದ ದುಡ್ಡಿನಲ್ಲಿ ಅಕ್ಕನ ಪಾಲು ಅಕ್ಕನಿಗೆ ಕೊಡಲಿ ಅಂತ ಬರೆಸಿಕೊಳ್ಳಬಹುದು. ಪುಟ್ಟಿಯನ್ನು ಓದಿಸುವುದು ಅವರಿಗೆ ನಿಜವಾಗಿ ಮನಸ್ಸಿದ್ದರೆ ಅದನ್ನೂ ಆ ಕಾಗದದಲ್ಲೇ ಬರೆಯಲಿ. ಸಂಬಂಧ ಉಳಿಯುವುದು ಹಾಗೆ.

ನನ್ನ ಬಗ್ಗೆ ಏನೂ ಯೋಚನೆ ಮಾಡಬೇಡಿ. ಲೈಬ್ರರಿಯಲ್ಲಿ ಕೆಲಸ ಸಿಕ್ಕಿದೆ, ವಾರಕ್ಕೆ 20 ಗಂಟೆ ಮೀರದ ಹಾಗೆ ಮಾಡುತ್ತೇನೆ, ವೀಸಾ ನಿಯಮವೇ ಅದು. ಬ್ಯಾಂಕ್ ಸಾಲದ ಕಂತು ಇನ್ನೂ ಶುರುವಾಗಿಲ್ಲ, ಶುರುವಾದಾಗ ನಾನೇ ಕಟ್ಟುತ್ತೇನೆ. ಊಟ ಚೆನ್ನಾಗಿದೆ. ಜಾಕ್ಸನ್ ಹೈಟ್ಸ್‌ನಲ್ಲಿ ಕರಿಬೇವು, ತೊಗರಿಬೇಳೆ, ಹುಣಸೆಹಣ್ಣು ಎಲ್ಲ ಸಿಗುತ್ತದೆ, ಅಮ್ಮ ಕಳಿಸಿದ ಸಾರಿನ ಪುಡಿ ಇನ್ನೂ ಇದೆ. ಚಳಿ ಹೋಗಿದೆ. ಜ್ವರ, ಕೆಮ್ಮು ಏನೂ ಇಲ್ಲ. ದಪ್ಪ ಆಗಿದ್ದೇನೆ, ನಿಜವಾಗಿ. ರಾತ್ರಿ ಒಬ್ಬಳೇ ಓಡಾಡುವುದಿಲ್ಲ. ಸನ್ನದಿನ ಪರೀಕ್ಷೆ ಜುಲೈ ಕೊನೆಗೆ, ಓದು ಸರಿಯಾಗಿ ನಡೆದಿದೆ.

ಅಮ್ಮ, ಮಂಡಿಗೆ ಡಾಕ್ಟರು ಕೊಟ್ಟ ಮಾತ್ರೆ ಅರ್ಧಕ್ಕೆ ಬಿಡಬೇಡ. ಅಜ್ಜಿಯ ಕಣ್ಣಿನ ಆಪರೇಷನ್ ದಿನ ಗೊತ್ತಾದರೆ ತಿಳಿಸು. ಕರುವಿಗೆ ಏನು ಹೆಸರಿಟ್ಟಿರಿ?

ಇನ್ನು ಬರೆಯಲು ಹೊತ್ತಿಲ್ಲ, ಮೇಡಂ ಜೊತೆ ಕ್ಲಿನಿಕ್ಕಿಗೆ ಹೋಗಬೇಕು. ಅಕ್ಕನ ಕೇಸು ಅವರಿಗೂ ಹೇಳಿದೆ. ‘ಭಾರತದ ಕಾನೂನು ನನಗೆ ಗೊತ್ತಿಲ್ಲ, ಆದರೆ ನಿನ್ನ ಅಕ್ಕ ಆ ಕಾಗದ ಮನೆಗೆ ತಂದು ಓದಬಹುದಲ್ಲವೇ’ ಅಂತ ಮೇಡಂ ಕೇಳಿದರು. ತರಲಿ, ಫೋಟೋ ತೆಗೆದು ಎಲ್ಲ ಪುಟಗಳನ್ನೂ ನನಗೆ ಕಳಿಸಲಿ. ಸೋಮವಾರ ತಿಪಟೂರಿಗೆ ಹೋಗಿ ಬಂದ ತಕ್ಷಣ ಫೋನ್ ಮಾಡಿ. ಇಲ್ಲಿ ಎಷ್ಟು ಹೊತ್ತಾಗಿದ್ದರೂ ಎತ್ತುತ್ತೇನೆ.

ನಿಮ್ಮ ಮಗಳು
ಚಿನ್ನಿ

ಮರೆತಿದ್ದೆ: ಅಕ್ಕ ಹೋಗುವಾಗ ನೀವೂ ಜೊತೆಗೆ ಹೋಗಿ, ಅವಳನ್ನು ಒಬ್ಬಳೇ ಕಳಿಸಬೇಡಿ. ಪಹಣಿಯ ಹೊಸ ಪ್ರತಿ ನಾಡಕಚೇರಿಯಲ್ಲಿ ಬೆಳಿಗ್ಗೆಯೇ ತೆಗೆಸಿಕೊಳ್ಳಿ.