ಕವಲುದಾರಿಯ ಹಿರಿಯರಿಗೆ

ಆ ಸಂಜೆ ಕವಲುದಾರಿಯಿಂದ ನನ್ನೊಂದಿಗೆ ನಡೆದು ಬಂದ ಹಿರಿಯರೇ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಮೊಬೈಲ್ ಆರಿಹೋಗಿತ್ತು, ನಕ್ಷೆಯೆಲ್ಲ ಅದರೊಳಗೇ. ದಾರಿ ಕೇಳುವ ಅಭ್ಯಾಸವೇ ತಪ್ಪಿಹೋದ ನನಗೆ ನಿಮ್ಮನ್ನು ಮಾತನಾಡಿಸಲು ಹತ್ತು ನಿಮಿಷ ಹಿಡಿಯಿತು, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ನೀವೋ, ಕೈ ತೋರಿಸಿ ಸುಮ್ಮನಾಗದೆ ಬಸ್ ನಿಲ್ಲುವಲ್ಲಿಯವರೆಗೂ ಬಂದಿರಿ.

ನಡುವೆ ಬೋಳು ಮರವೊಂದರ ಕೆಳಗೆ ನಿಂತು, "ಇದು ಒಣಗಿಲ್ಲ, ನೀರು ಉಳಿಸುತ್ತಿದೆ" ಎಂದಿರಿ. ಬಿದ್ದ ಎಲೆಯೊಂದನ್ನು ನನ್ನ ಅಂಗೈಯಲ್ಲಿಟ್ಟು ತೊಟ್ಟಿನ ತುದಿ ತೋರಿಸಿದಿರಿ. ಎಲೆ ಕಳಚುವ ಮೊದಲೇ ಮರ ಅದರ ಸಾರವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದಂತೆ. ತೊಟ್ಟು ಬಿಟ್ಟ ಜಾಗಕ್ಕೆ ಗಾಯ ಮುಚ್ಚುವಂತೆ ಒಂದು ಪದರ ಕಟ್ಟಿಕೊಳ್ಳುತ್ತದಂತೆ. ಎಷ್ಟೋ ಬೇಸಿಗೆಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದ ನಾನು ಅಂಥ ಮರಗಳನ್ನೆಲ್ಲ ಸತ್ತವೆಂದೇ ಎಣಿಸಿದ್ದೆ. (ಕೆಲವು ನಿಜಕ್ಕೂ ಸತ್ತಿದ್ದವೋ ಏನೋ.)

ಬಸ್ ಬಂದ ಗಡಿಬಿಡಿಯಲ್ಲಿ ಒಂದು ಒಳ್ಳೆಯ ಮಾತನ್ನೂ ಆಡದೆ ಹತ್ತಿಬಿಟ್ಟೆ. ನಿನ್ನೆ ಮೊದಲ ಮಳೆಯ ನಂತರ ಕಿಟಕಿಯಾಚೆಯ ಕೊಂಬೆಯಲ್ಲಿ ಕೆಂಪು ಚಿಗುರು ಕಂಡಿತು, ನೀವು ನೆನಪಾದಿರಿ. ತಡವಾಗಿ ಹೇಳುತ್ತಿದ್ದೇನೆ, ಧನ್ಯವಾದಗಳು. ಆ ಎಲೆ ಪುಡಿಯಾಗಿದೆ. ತೊಟ್ಟು ಮಾತ್ರ ಇನ್ನೂ ನನ್ನ ಚೀಲದಲ್ಲಿದೆ.