ಸವೆಯದ ಪ್ಯಾಡುಗಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಸೋಮವಾರ ನಿನ್ನ ಬೈಕನ್ನು ಸರ್ವೀಸಿಗೆ ಬಿಟ್ಟು ಬಂದವನು ನಾನೇ ಆದ್ದರಿಂದ, ಮೆಕ್ಯಾನಿಕ್ ಹೇಳಿದ್ದನ್ನು ತಲುಪಿಸುವ ಹೊಣೆಯೂ ನನ್ನ ಮೇಲಿದೆ. 18,000 ಕಿಲೋಮೀಟರ್ ಓಡಿದ ಗಾಡಿಗೆ ಹಿಂದಿನ ಬ್ರೇಕ್ ಶೂ ಬದಲಿಸುತ್ತಿರುವುದು ಇದು ಎರಡನೆಯ ಸಲ. ಮುಂದಿನ ಡಿಸ್ಕ್ ಪ್ಯಾಡುಗಳು ಮಾತ್ರ ಹೆಚ್ಚುಕಡಿಮೆ ಹೊಸದರಂತಿವೆ. ಅವನ್ನು ಅಂಗೈಯಲ್ಲಿಟ್ಟು ತೋರಿಸುತ್ತಾ ಆತ, "ಇವರು ಕೈ ಬ್ರೇಕ್ ಹಿಡಿಯುವುದೇ ಇಲ್ಲವಾ ಸಾರ್?" ಎಂದು ಕೇಳಿದ.

ನೀನು ಏಕೆ ಹಿಡಿಯುವುದಿಲ್ಲ ಎಂಬುದು ನನಗೆ ಗೊತ್ತು. ಶಾಲೆಯ ದಿನಗಳಲ್ಲಿ ಬಾಡಿಗೆ ಸೈಕಲ್ಲಿನ ಮುಂದಿನ ಬ್ರೇಕ್ ಒತ್ತಿ ಹ್ಯಾಂಡಲ್ ಮೇಲಿಂದ ಬಿದ್ದು ಗದ್ದ ಒಡೆದುಕೊಂಡಾಗ, ಹಿಂದೆ ಕ್ಯಾರಿಯರಿನ ಮೇಲೆ ಕುಳಿತಿದ್ದವನು ನಾನೇ ಅಲ್ಲವೇ? ಆದರೆ ಬೈಕಿನ ಲೆಕ್ಕ ಬೇರೆ. ಬ್ರೇಕ್ ಬಿದ್ದೊಡನೆ ಭಾರವೆಲ್ಲ ಮುಂದಕ್ಕೆ ಸರಿದು, ಫೋರ್ಕ್ ಕುಗ್ಗಿ, ಮುಂದಿನ ಟೈರು ನೆಲವನ್ನು ಬಿಗಿಯಾಗಿ ಕಚ್ಚುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಚಕ್ರ ಹಗುರಾಗಿ, ನೀನು ತುಳಿದಷ್ಟೂ ಜಾರುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಒಣ ಡಾಂಬರಿನ ಮೇಲೆ ಎರಡೂ ಬ್ರೇಕುಗಳನ್ನು ಚೆನ್ನಾಗಿ ಹಿಡಿದರೆ 20 ಮೀಟರಿನ ಆಸುಪಾಸಿನಲ್ಲಿ ನಿಲ್ಲಬಹುದಾದ ಗಾಡಿಗೆ, ಹಿಂದಿನದೊಂದನ್ನೇ ನಂಬಿದರೆ ಹೆಚ್ಚುಕಡಿಮೆ ಅದರ ಎರಡರಷ್ಟು ದೂರ ಬೇಕಾಗುತ್ತದೆ.

ಇನ್ನೊಂದು ತಮಾಷೆ ಕೇಳು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಎಲ್ಲ ಹೊಸ ಬೈಕುಗಳಿಗೆ, ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತಷ್ಟೆ. ನಿನ್ನದು ಸಿಂಗಲ್ ಚಾನೆಲ್ ಆದ್ದರಿಂದ ಆ ರಕ್ಷಣೆ ಇರುವುದು ಮುಂದಿನ ಚಕ್ರಕ್ಕೆ ಮಾತ್ರ. ನೀನು ಹೆದರುವ ಚಕ್ರ ಲಾಕ್ ಆಗದಂತೆ ಕಾಯುವ ಯಂತ್ರವಿದೆ, ನೀನು ತುಳಿಯುವ ಚಕ್ರಕ್ಕೆ ಯಾರೂ ದಿಕ್ಕಿಲ್ಲ.

ಆಗುಂಬೆ ಘಾಟಿಯನ್ನು ನ್ಯೂಟ್ರಲ್‌ನಲ್ಲಿ ಇಳಿಯುವ ನಿನ್ನ ಪೆಟ್ರೋಲ್ ಉಳಿತಾಯದ ಬಗ್ಗೆ ನನಗೆ ಸಿಟ್ಟೇ ಇದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳುದ್ದಕ್ಕೂ ಪೆಡಲ್ ಒತ್ತಿಯೇ ಇಟ್ಟರೆ ಡ್ರಮ್ಮು ಕಾದು, ಸೋಮೇಶ್ವರ ಮುಟ್ಟುವ ಮೊದಲೇ ಬ್ರೇಕ್ ಮಂದವಾಗುತ್ತದೆ. ಎರಡನೆಯ ಗೇರಿನಲ್ಲಿ ಇಳಿ, ವೇಗವನ್ನು ಎಂಜಿನ್ನೇ ಹಿಡಿದಿಡಲಿ; ಬ್ರೇಕ್ ಹಾಕುವ ಕೆಲಸವನ್ನು ಗಾಡಿ ನೇರವಾಗಿರುವಾಗಲೇ ಮುಗಿಸಿ ಆಮೇಲೆ ತಿರುವಿಗೆ ವಾಲಿಸು. ಮೊದಲ ಮಳೆಯ ದಿನಗಳಲ್ಲಿ ಇದೆಲ್ಲವನ್ನೂ ಇನ್ನಷ್ಟು ನಿಧಾನವಾಗಿ ಮಾಡು.

ಕೈಗೆ ಅಭ್ಯಾಸವಾಗಲು ಶಾಲೆಯ ಮೈದಾನ ಸಾಕು. 30ರ ವೇಗದಲ್ಲಿ ನೇರವಾಗಿ ಬಂದು ಎರಡು ಬೆರಳಿನಿಂದ ಲಿವರ್ ಹಿಡಿ, ಒಮ್ಮೆಲೇ ಜಗ್ಗಬೇಡ. ದಿನವೂ ಹಸು ಕರೆಯುವ ನಿನಗೆ, ಬಿಗಿಯನ್ನು ಹದವಾಗಿ ಏರಿಸುವುದು ಹೇಗೆಂದು ನಾನು ಹೇಳಬೇಕಾಗಿಲ್ಲ.

ಬ್ರೇಕ್ ಆಯಿಲ್ ಕಂದುಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯ ತೇವ ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಂತೆ. ನಿನ್ನನ್ನು ಕೇಳದೆಯೇ ಬದಲಿಸಲು ಹೇಳಿದ್ದೇನೆ. ಗುರುವಾರ ಗಾಡಿ ಸಿಗುತ್ತದೆ. ಸಂಜೆ ಐದಕ್ಕೆ ಮೈದಾನಕ್ಕೆ ಬಾ, ನಾನೂ ಇರುತ್ತೇನೆ.

ಇಂತಿ,
ನಿನ್ನ ಕ್ಯಾರಿಯರಿನ ಸವಾರ