ಕಿರುಚದವರನ್ನೂ ನೋಡಿ

ಮಾನ್ಯ ಸಂಪಾದಕರೇ,

ಎಮರ್ಜೆನ್ಸಿ ವಾರ್ಡಿನಲ್ಲಿ ತಮಗಿಂತ ಆಮೇಲೆ ಬಂದವರನ್ನು ಮೊದಲು ಒಳಗೆ ಕರೆದರು ಎಂದು ಓದುಗರೊಬ್ಬರು ಬೇಸರದಿಂದ ಬರೆದಿದ್ದರು. ಎರಡು ಗಂಟೆ ಕಾಯಿಸಿ ಕಾರಣವನ್ನೂ ಹೇಳದಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಅಲ್ಲಿ ಸರದಿ ಬರುವುದು ಬಂದ ಹೊತ್ತು ನೋಡಿ ಅಲ್ಲ, ಜೀವಕ್ಕಿರುವ ಅಪಾಯ ನೋಡಿ. ಇದಕ್ಕೆ ಟ್ರಯಾಜ್ ಅಂತಾರೆ. ನೆಪೋಲಿಯನ್ನನ ಸೇನೆಯ ಸರ್ಜನ್ ಲಾರೇ ಸೈನಿಕನ ದರ್ಜೆ ನೋಡದೆ ಗಾಯ ನೋಡಿ ಚಿಕಿತ್ಸೆ ಕೊಡುತ್ತಿದ್ದ ಕಾಲದಿಂದ ಬಂದದ್ದು.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಂದು ರಾತ್ರಿ, ಕೈ ಮುರಿದುಕೊಂಡ ಹುಡುಗನೊಬ್ಬ ಸೂರು ಹಾರಿಹೋಗುವಂತೆ ಕಿರುಚುತ್ತಿದ್ದ. ನಾನು ಅವನ ಹತ್ತಿರ ಓಡಿದೆ. ಮೂಲೆಯ ಕುರ್ಚಿಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. "ನಂಗೆ ಸ್ವಲ್ಪ ಹೊಟ್ಟೆ ಉರಿ ಅಷ್ಟೇ, ಅವನನ್ನ ನೋಡಮ್ಮ" ಎಂದರು. ಹಿರಿಯ ನರ್ಸ್ ಮಾತ್ರ ಅವರ ಹಣೆ ನೋಡಿದರು. ಫ್ಯಾನಿನ ಕೆಳಗೆ ಕೂತಿದ್ದರೂ ಬೆವರು ಇಳಿಯುತ್ತಿತ್ತು. ಇಸಿಜಿ ತೆಗೆದರೆ ಹಾರ್ಟ್ ಅಟ್ಯಾಕ್! ವಯಸ್ಸಾದವರಲ್ಲಿ, ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೀಗೆ ಎದೆನೋವಿಲ್ಲದೆ ಬರುವುದು ಜಾಸ್ತಿ. ಎದೆನೋವು ಅಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ನನಗೆ ಬಾಯಿಪಾಠವಾಗಿತ್ತು. ಹೊಟ್ಟೆ ಉರಿ ಅಂದವರ ವಿಷಯ ಕಲಿಸಿದ್ದು ಆ ನರ್ಸ್. "ಕಿರುಚೋನಿಗೆ ಉಸಿರಂತೂ ಆಡ್ತಿದೆ ಅಲ್ವಾ? ಸುಮ್ನೆ ಕೂತೋರನ್ನ ನೋಡಿ ಡಾಕ್ಟ್ರೇ" ಅಂದಿದ್ದರು.

ಈಗ ನಾನೇ ಕಲಿಸುತ್ತೇನೆ. ಹೃದಯ ನಿಂತವರಿಗೆ ಮಾಡುವ ಸಿಪಿಆರ್ ಅಭ್ಯಾಸಕ್ಕೆ ಬೊಂಬೆಯ ಎದೆ ಒತ್ತಿ ನಿಮಿಷಕ್ಕೆ 100ರಿಂದ 120ರ ಲಯ ಹಿಡಿಯುವುದನ್ನು ಹುಡುಗರು ಬೇಗ ಕಲಿಯುತ್ತಾರೆ. ಯಾರನ್ನು ಮೊದಲು ಒಳಗೆ ಕಳಿಸಬೇಕೆಂದು ನಿರ್ಧರಿಸುವ ಬಾಗಿಲ ಬಳಿಯ ಮೇಜಿನಲ್ಲಿ ಕೂತು ಮುಖ ಓದುವುದು ಅಷ್ಟು ಬೇಗ ಬರುವುದಿಲ್ಲ. ಆದರೂ ರಾತ್ರಿ ಪಾಳಿಯಲ್ಲಿ ಆ ಮೇಜಿಗೆ ತೀರಾ ಹೊಸಬರನ್ನು ಒಬ್ಬರನ್ನೇ ಕೂರಿಸುವ ಆಸ್ಪತ್ರೆಗಳಿವೆ. ನನ್ನ ತಕರಾರು ಅದೇ. ಪಕ್ಕದಲ್ಲಿ ಅನುಭವಿಯೊಬ್ಬರು ಇರಲೇಬೇಕು.

ತಡವಾದರೆ ಏನಾಗುತ್ತದೆ ಅನ್ನುವುದಕ್ಕೆ ಸಂಶೋಧನೆಯ ಸಾಕ್ಷಿಯೂ ಇದೆ. ಗಾಯದಿಂದ ರಕ್ತ ಹೋಗುತ್ತಿದ್ದ 20,000ಕ್ಕೂ ಜಾಸ್ತಿ ಜನರ ಮೇಲೆ ನಡೆದ ಕ್ರ್ಯಾಶ್-2 ಅಧ್ಯಯನ 2010ರಲ್ಲಿ ಪ್ರಕಟವಾಯಿತು. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಔಷಧಿ ಸಾವು ತಗ್ಗಿಸುತ್ತದೆ ಎಂದು ಅದು ತೋರಿಸಿತು. ಅದೇ ಔಷಧಿಯನ್ನು ಗಾಯವಾಗಿ 3 ಗಂಟೆ ಮೀರಿದ ಮೇಲೆ ಕೊಟ್ಟರೆ ಲಾಭವಿರಲಿ, ಕೇಡೇ ಆಗಬಹುದು ಎಂದು ಅದರ ಲೆಕ್ಕಗಳನ್ನು ಮತ್ತೆ ನೋಡಿದಾಗ ಕಂಡಿತು.

ಓದುಗರಲ್ಲಿ ಒಂದು ವಿನಂತಿ. ಕಾಯುತ್ತಿರುವಾಗ ನಿಮ್ಮವರು ಬೆವರಿದರೆ, ಮಂಕಾದರೆ, ಮಾತು ತೊದಲಿದರೆ ಸರದಿ ಬರಲಿ ಎಂದು ಕೂರಬೇಡಿ. ಎದ್ದು ಬಂದು ಹೇಳಿ. ಒಂದು ಸಲ ಗದರಿದರೂ ಮತ್ತೆ ಬಂದು ಹೇಳಿ.

– ತುರ್ತು ಚಿಕಿತ್ಸಾ ವಿಭಾಗದ ಒಬ್ಬ ವೈದ್ಯೆ